ಯುವ ಅಂಗಳ: ಕಾರು ತೊಳೆಯುವುದೂ ಒಂದು ವಿದ್ಯೆ



ಈ ಅಂಕಣದಲ್ಲಿ ಓದು, ಉದ್ಯೋಗ, ಊರಿನ ನಂಟು ಎಂದೆಲ್ಲ ಮಾತಾಡುವ ನಾನು ಈ ಸಲ ಕಾರು ತೊಳೆಯುವ ವಿಷಯ ಎತ್ತಿಕೊಂಡಿದ್ದೇನೆ. "ಇವರಿಗೆ ಬರೆಯಲು ಬೇರೆ ವಿಷಯ ಸಿಗಲಿಲ್ಲವೇ?" ಎಂದು ನಗಬೇಡಿ. ನಿಮ್ಮಲ್ಲಿ ಅನೇಕರು ಈಗಷ್ಟೇ ಕೆಲಸಕ್ಕೆ ಸೇರಿ, ಬ್ಯಾಂಕಿನ ಸಾಲ ಮಾಡಿ, ಮೊದಲ ಕಾರು ಕೊಂಡವರು. ಇನ್ನೇನು ನವರಾತ್ರಿಯೂ ಬರುತ್ತದೆ. ಆಯುಧಪೂಜೆಯ ಹಿಂದಿನ ದಿನ ಬಕೆಟ್ ಹಿಡಿದು ಪಾರ್ಕಿಂಗಿಗೆ ಇಳಿಯುವ ಮೊದಲು ಇದನ್ನೊಮ್ಮೆ ಓದಿರಿ.

ಕಳೆದ ತಿಂಗಳು ಗೋರೆಗಾಂವ್‌ನಲ್ಲಿರುವ ನನ್ನ ಅಕ್ಕನ ಮಗ ಫೋನ್ ಮಾಡಿದ. "ಮಾವ, ನನ್ನ ಕಾರಿನ ಮೇಲೆ ಜೇಡರಬಲೆ ಕಟ್ಟಿದೆ."

"ಒರೆಸಿಬಿಡು ಮಾರಾಯ," ಎಂದೆ.

"ಒರೆಸಿದ್ದಕ್ಕೇ ಕಟ್ಟಿದ್ದು ಮಾವ!"

ಸಂಗತಿ ಇಷ್ಟೇ. ಕಾರು ಕೊಂಡು ಐದು ತಿಂಗಳಾಗಿತ್ತು. ಕಪ್ಪು ಬಣ್ಣದ್ದು. ರಾತ್ರಿ ಪೆಟ್ರೋಲ್ ಪಂಪಿನ ದೀಪದ ಕೆಳಗೆ ನಿಲ್ಲಿಸಿದಾಗ ಬಾನೆಟ್ಟಿನ ತುಂಬ ಕೂದಲೆಳೆಯಂಥ ಗೀರುಗಳು ದೀಪದ ಸುತ್ತ ವರ್ತುಲವಾಗಿ ಹೊಳೆದುವಂತೆ. ಅವರ ಸೊಸೈಟಿಯಲ್ಲಿ ದಿನಾ ಬೆಳಿಗ್ಗೆ ಕಾರು ಒರೆಸುವ ಒಬ್ಬ ಆಳಿದ್ದಾನೆ. ತಪ್ಪು ಅವನದೇ ಎಂದು ಅಳಿಯ ತೀರ್ಮಾನಿಸಿ, ಅವನನ್ನು ತೆಗೆದುಹಾಕಬೇಕೆಂದು ಕಮಿಟಿಗೆ ಪತ್ರವನ್ನೂ ಬರೆದಿಟ್ಟಿದ್ದ. "ಪತ್ರ ಕೊಡಬೇಡ. ಆದಿತ್ಯವಾರ ನಾನೇ ಬರುತ್ತೇನೆ," ಎಂದೆ. ಹಾಗೆ ಹೇಳಲು ನನಗೊಂದು ಹಳೆಯ ಕಾರಣವಿತ್ತು.

1986ರಲ್ಲಿ ನಾನು ಹದಿನಾರರ ಹುಡುಗ. ಊರಿನಿಂದ ಬಂದು ಅಕ್ಕ-ಭಾವನ ಮನೆಯಲ್ಲಿದ್ದುಕೊಂಡು ಕಾಲೇಜಿಗೆ ಹೋಗುತ್ತಿದ್ದೆ. ಭಾವ ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆಯುವುದರಿಂದ ಆರಂಭಿಸಿ, ರಾತ್ರಿಶಾಲೆಯಲ್ಲಿ ಕಲಿತು, ಗಲ್ಲೆಯ ಮೇಲೆ ಕೂರುವವರೆಗೆ ಬೆಳೆದವರು. ಆ ವರ್ಷ ಅವರು ಒಂದು ಸೆಕೆಂಡ್ ಹ್ಯಾಂಡ್ ಪ್ರೀಮಿಯರ್ ಪದ್ಮಿನಿ ಕೊಂಡರು. ನೀಲಿ ಬಣ್ಣ. ಇಡೀ ಚಾಳಿಗೆ ಅದೊಂದೇ ಕಾರು. ಆಯುಧಪೂಜೆಯ ಹಿಂದಿನ ದಿನ ಭಾವ ಹೋಟೆಲಿಗೆ ಹೊರಡುವಾಗ, "ಕಾರು ಸ್ವಲ್ಪ ತೊಳೆದಿಡೋ," ಎಂದರು. ಅಷ್ಟೇ ಹೇಳಿದ್ದು.

ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ನಾನೂ ಹಾಗೆಯೇ ಮಾಡಿದೆ. ಮಟಮಟ ಮಧ್ಯಾಹ್ನ, ಕಾದ ಬಾನೆಟ್ಟಿನ ಮೇಲೆ ಬಟ್ಟೆ ಒಗೆಯುವ ಪುಡಿ ಸುರಿದೆ. ಎಲ್ಲೋ ಸ್ವಲ್ಪ ಡಾಂಬರು ಅಂಟಿತ್ತು. ಅಕ್ಕ ಪಾತ್ರೆ ತಿಕ್ಕುವ ತೆಂಗಿನ ನಾರು ತಂದು ಗರಗರನೆ ತಿಕ್ಕಿದೆ. ಒದ್ದೆಯಾಗಿದ್ದಾಗ ಕಾರು ಕನ್ನಡಿಯಂತಿತ್ತು. ಒಣಗಿದ ಮೇಲೆ ನೋಡಿದರೆ ಬಾನೆಟ್ಟಿನ ಮೇಲೆ ಬೆಳ್ಳಗೆ ಸುತ್ತುಸುತ್ತಿನ ರಂಗೋಲಿ! ನನ್ನ ಜೀವ ಹಾರಿಹೋಯಿತು. ರಾತ್ರಿ ಉಣ್ಣಲೂ ಇಲ್ಲ.

ಮರುದಿನ ಬೆಳಿಗ್ಗೆ ಭಾವ ನೋಡಿದರು. ನನ್ನ ಮುಖವನ್ನೂ ನೋಡಿದರು. ಏನೂ ಅನ್ನಲಿಲ್ಲ. ಆ ರಂಗೋಲಿಯ ನಡುವೆಯೇ ಕುಂಕುಮದ ಬೊಟ್ಟಿಟ್ಟು ಆರತಿ ಎತ್ತಿದರು. ಮುಂದಿನ ಆದಿತ್ಯವಾರ ಪಾಲಿಶಿನ ಡಬ್ಬಿ ತಂದು, ನನ್ನನ್ನೂ ಕೂರಿಸಿಕೊಂಡು, ಮೆಲ್ಲಗೆ ಉಜ್ಜತೊಡಗಿದರು. ಬಟ್ಟೆ ನೀಲಿಯಾಯಿತು. "ಇದು ಕೊಳೆಯಲ್ಲ ಕಣೋ, ಬಣ್ಣವೇ ಬರುತ್ತಿದೆ. ಸಾಕು ಬಿಡು, ಗೀರು ಹೋಗುವಷ್ಟರಲ್ಲಿ ಕಾರಿನ ಬಣ್ಣವೂ ಹೋದೀತು," ಎಂದರು. 1997ರಲ್ಲಿ ಅದನ್ನು ಮಾರುವಾಗ ಕೊಳ್ಳುವವನು ಬಾನೆಟ್ಟಿನ ಮೇಲೆ ಕೈಯಾಡಿಸಿ ಎರಡು ಸಾವಿರ ರೂಪಾಯಿ ಕಡಿಮೆ ಮಾಡಿದನಂತೆ. ಭಾವ ಅದನ್ನು ನನಗೆ ಹೇಳಲೇ ಇಲ್ಲ. ಎಷ್ಟೋ ವರ್ಷದ ಮೇಲೆ ಅಕ್ಕ ಹೇಳಿದಳು. "ಕಲಿಸದೆ ಕೆಲಸ ಕೊಟ್ಟವನು ನಾನು, ಅದರಲ್ಲಿ ಹುಡುಗನ ತಪ್ಪೇನು?" ಎಂದು ಭಾವ ಅವಳ ಹತ್ತಿರ ಅಂದಿದ್ದರಂತೆ.

ಆ ಕಾರುಗಳ ಕಾಲ ಮುಗಿಯಿತು. 2023ರ ಅಕ್ಟೋಬರಿನಲ್ಲಿ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆಯಿಂದ ನಿವೃತ್ತವಾಯಿತು. ಈಗಿನ ಕಾರುಗಳ ಬಣ್ಣದ ರಚನೆಯೇ ಬೇರೆ. ಅದನ್ನು ತಿಳಿದುಕೊಂಡರೆ ಗೀರು ಏಕೆ ಬೀಳುತ್ತದೆ ಎಂಬುದೂ ತಿಳಿಯುತ್ತದೆ.

ಉಕ್ಕಿನ ತಗಡಿನ ಮೇಲೆ ಮೊದಲು ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಆಮೇಲೆ ನಾವು ನೋಡುವ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ಪಾರದರ್ಶಕ ಪದರ. ಈ ಕೊನೆಯದಕ್ಕೆ ಕ್ಲಿಯರ್ ಕೋಟ್ ಎನ್ನುತ್ತಾರೆ. ಕಾರಿನ ಹೊಳಪೆಲ್ಲ ಇದರದೇ. ಎಲ್ಲ ಪದರ ಸೇರಿದರೂ ದಪ್ಪ ಸುಮಾರು 100ರಿಂದ 150 ಮೈಕ್ರಾನ್. ಕ್ಲಿಯರ್ ಕೋಟ್ ಒಂದೇ ಸುಮಾರು 40ರಿಂದ 50 ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪ ಸಾಧಾರಣ 70 ಮೈಕ್ರಾನ್. ಎಂದರೆ ನಿಮ್ಮ ಕಾರಿನ ಹೊಳಪು ಒಂದು ಕೂದಲಿಗಿಂತ ತೆಳ್ಳಗಿದೆ!

ಇನ್ನು ಧೂಳು. ಖನಿಜಗಳ ಗಟ್ಟಿತನ ಅಳೆಯುವ ಮೋಸ್ ಮಾಪನದಲ್ಲಿ ವಜ್ರಕ್ಕೆ 10, ಗಾಜಿಗೆ ಸುಮಾರು 5.5, ನಮ್ಮ ಉಗುರಿಗೆ 2.5. ಮರಳಿನ ಕಣ, ಅಂದರೆ ಸ್ಫಟಿಕ, 7. ಗಾಜನ್ನೇ ಗೀರಬಲ್ಲ ಕಣ ಅದು. ಹೆಜ್ಜೆಗೊಂದು ಕಟ್ಟಡ ಏಳುತ್ತಿರುವ ನಮ್ಮ ಶಹರದಲ್ಲಿ ಕಾರಿನ ಮೇಲೆ ಕೂರುವ ಧೂಳಿನಲ್ಲಿ ಇಂಥ ಕಣಗಳಿಗೇನು ಕೊರತೆ? ಅದು ಸುಮ್ಮನೆ ಕೂತಿದ್ದರೆ ಗೀರು ಬೀಳುವುದಿಲ್ಲ. ಒಣ ಬಟ್ಟೆಯಿಂದ ಅದನ್ನು ಅತ್ತಿತ್ತ ಎಳೆದಾಗ ಬೀಳುತ್ತದೆ. ಅಂದರೆ ಕಾರಿಗೆ ಗೀರು ಹಾಕುವುದು ಧೂಳಲ್ಲ, ನಾವು ಒರೆಸುವ ರೀತಿ. ಆ ಜೇಡರಬಲೆಯ ಗುಟ್ಟೂ ಸರಳ. ಗೀರುಗಳು ಎಲ್ಲ ದಿಕ್ಕಿಗೂ ಇರುತ್ತವೆ. ಬೆಳಕಿಗೆ ಅಡ್ಡವಾಗಿ ಇರುವಂಥವು ಮಾತ್ರ ಹೊಳೆಯುವುದರಿಂದ ದೀಪದ ಸುತ್ತ ಬಲೆ ಕಟ್ಟಿದಂತೆ ಕಾಣುತ್ತದೆ.

ಆದಿತ್ಯವಾರ ಬೆಳಿಗ್ಗೆ ಏಳಕ್ಕೆ ನಾನು ಪಾರ್ಕಿಂಗಿನಲ್ಲಿ ನಿಂತು ಅಳಿಯನಿಗೆ ಇದನ್ನೆಲ್ಲ ಹೇಳುತ್ತಿದ್ದೆ. ಪಕ್ಕದಲ್ಲಿ ಕಾರು ಒರೆಸುತ್ತಿದ್ದ ನಡುವಯಸ್ಸಿನ ಮನುಷ್ಯ ಕೈ ನಿಲ್ಲಿಸಿದ. "ಸಾಹೇಬ್ರು ಕನ್ನಡದವರೇನ್ರೀ?" ಎಂದು ಕೇಳಿದ. ಯಾದಗಿರಿ ಕಡೆಯವನಂತೆ. ಐದು ತಿಂಗಳಿಂದ ಅಳಿಯ ಅವನನ್ನು "ಏ ಭಾಯ್" ಎಂದು ಹಿಂದಿಯಲ್ಲಿ ಕರೆಯುತ್ತಿದ್ದ. ಅವನೂ ಹಿಂದಿಯಲ್ಲೇ ಉತ್ತರಿಸುತ್ತಿದ್ದ. ಇಬ್ಬರದೂ ಕನ್ನಡ ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

ಅಳಿಯನಿಗೆ ಮುಜುಗರವಾದರೂ ಬಾನೆಟ್ ತೋರಿಸಿ, "ಈ ಸ್ಕ್ರ್ಯಾಚ್ ಎಲ್ಲ..." ಎಂದು ತಡವರಿಸಿದ.

"ಗೀರು ಬಿದ್ದಾವಲ್ರೀ, ನನಗೂ ಕಾಣ್ತಾವ. ಏನ್ ಮಾಡ್ಲಿ ಹೇಳ್ರಿ. ಇಲ್ಲಿ ನೀರ ಕೊಡಂಗಿಲ್ಲ. ಎರಡು ಬಕೆಟ್ ನೀರಾಗ ಹದಿನೆಂಟು ಗಾಡಿ ಒರಸಬೇಕು. ಎಂಟರೊಳಗ ಎಲ್ಲಾ ಮುಗೀಬೇಕು. ಆರನೇ ಗಾಡಿಗೆ ನೀರು ರಾಡಿ ಆಗಿರ್ತದ. ನಿಮ್ಮದು ಹನ್ನೊಂದನೇದ್ರಿ."

ಅಳಿಯ ಮಾತಾಡಲಿಲ್ಲ. ನಾನು ಆ ಬಕೆಟ್ಟಿನ ತಳಕ್ಕೆ ಕೈ ಹಾಕಿ ಬೆರಳುಗಳ ನಡುವೆ ತಿಕ್ಕಿ ನೋಡಿದೆ. ಸಣ್ಣ ಮರಳು. ಅದೇ ಬಟ್ಟೆ, ಅದೇ ಮರಳು, ಹತ್ತು ಕಾರುಗಳ ಕೊಳೆಯೊಂದಿಗೆ ಹನ್ನೊಂದನೆಯದರ ಮೈಮೇಲೆ. ಹೀಗಿದ್ದಾಗ ಯಾರು ಒರೆಸಿದರೂ ಗೀರು ಬೀಳುವುದೇ. ನನಗೆ ಭಾವನ ಮಾತು ನೆನಪಾಯಿತು. ಅಳಿಯನಿಗೂ ಆ ಕತೆ ಅಲ್ಲೇ ಹೇಳಿದೆ. ತನ್ನ ಅಪ್ಪನ ಈ ಮಾತು ಅವನು ಕೇಳಿರಲಿಲ್ಲ. ಭಾವ ಈಗ ನಮ್ಮೊಡನಿಲ್ಲ.

ಆಮೇಲೆ ಮೂವರೂ ಸೇರಿ ಆ ಕಾರನ್ನು ತೊಳೆದೆವು. ಕ್ರಮವನ್ನು ಬರೆಯುತ್ತೇನೆ, ಬೇಕಾದವರು ಈ ಪುಟವನ್ನು ಕತ್ತರಿಸಿ ಇಟ್ಟುಕೊಳ್ಳಬಹುದು.

ಮೊದಲು ಸಾಮಾನು. ಹತ್ತು ಲೀಟರಿನ ಎರಡು ಬಕೆಟ್, ಒಂದು ಮಗ್ಗು, ಕಾರಿಗೆಂದೇ ಮಾರುವ ಶಾಂಪೂ, ಮೈಕ್ರೋಫೈಬರಿನ ದಪ್ಪ ಕೈಗವಸು, ಒಣಗಿಸಲು ಅದೇ ಜಾತಿಯ ಎರಡು ದೊಡ್ಡ ಟವೆಲ್, ಚಕ್ರಕ್ಕೆ ಬೇರೆಯೇ ಒಂದು ಹಳೆಯ ಬಟ್ಟೆ. ಬಟ್ಟೆ ಒಗೆಯುವ ಪುಡಿಯಲ್ಲಿ ಸೋಡಾ ಇರುತ್ತದೆ. ಪಾತ್ರೆಯ ಸಾಬೂನು ಜಿಡ್ಡು ಕೀಳುವುದಕ್ಕೆಂದೇ ಮಾಡಿದ್ದು. ಎರಡೂ ಬಣ್ಣದ ಮೇಲಿನ ಮೇಣವನ್ನು ಕಿತ್ತುಹಾಕುತ್ತವೆ. ಕಾರಿನ ಶಾಂಪೂ ಕೊಳೆ ಬಿಡಿಸುವುದರ ಜೊತೆಗೆ ಮೇಲ್ಮೈಯನ್ನು ಜಾರುವಂತೆ ಮಾಡುತ್ತದೆ. ಕಣ ಜಾರಿಹೋದರೆ ಗೀರಿಲ್ಲ.

ಕಾರು ನೆರಳಿನಲ್ಲಿರಲಿ, ಬಾನೆಟ್ ಮುಟ್ಟಿದರೆ ತಣ್ಣಗಿರಲಿ. ಕಾದ ತಗಡಿನ ಮೇಲೆ ಸಾಬೂನು ನೀರು ಕೂಡಲೇ ಒಣಗಿ ಕಲೆ ನಿಲ್ಲುತ್ತದೆ. ಬೋರ್‌ವೆಲ್ ಅಥವಾ ಟ್ಯಾಂಕರಿನ ಗಡಸು ನೀರಾದರೆ ಸುಣ್ಣದ ಬಿಳಿ ಚುಕ್ಕೆಗಳೂ ಉಳಿಯುತ್ತವೆ. ಶುರುಮಾಡುವ ಮೊದಲು ಉಂಗುರ, ಬಳೆ, ವಾಚು ತೆಗೆದಿಡಿ. ಬಾಗುವಾಗ ಬೆಲ್ಟಿನ ಬಕಲ್ ಕಾರಿಗೆ ತಾಗದಿರಲಿ.

ಚಕ್ರಗಳನ್ನು ಮೊದಲು ತೊಳೆದುಬಿಡಿ. ಬ್ರೇಕಿನ ಪುಡಿ, ರಸ್ತೆಯ ಮಣ್ಣು ಎಲ್ಲ ಅಲ್ಲೇ ಇರುವುದು. ಆ ಬಟ್ಟೆಯನ್ನೂ ಆ ನೀರನ್ನೂ ಮೈಗೆ ತಾಗಿಸಬೇಡಿ.

ಮುಂದಿನದೇ ಎಲ್ಲಕ್ಕಿಂತ ಮುಖ್ಯ. ಕೈ ಹಚ್ಚುವ ಮೊದಲು ಬರೀ ನೀರು ಹಾಕಿ ಧೂಳನ್ನು ಇಳಿಸಿ. ಮೇಲಿನಿಂದ ಕೆಳಗೆ, ಮಗ್ಗಿನಿಂದ ನಿಧಾನವಾಗಿ. ಹೂಗಿಡಕ್ಕೆ ನೀರು ಹಾಕುವ ಝಾರಿ ಇದ್ದರೆ ಇನ್ನೂ ಒಳ್ಳೆಯದು. ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ.

ಆಮೇಲೆ ಒಂದು ಬಕೆಟ್ಟಿನಲ್ಲಿ ಸಾಬೂನು ನೀರು, ಇನ್ನೊಂದರಲ್ಲಿ ಬರೀ ನೀರು. ಶಾಂಪೂವನ್ನು ಬಾಟಲಿಯ ಮೇಲೆ ಹೇಳಿದ ಅಳತೆಯಲ್ಲೇ ಹಾಕಿ. ಕೈಗವಸನ್ನು ಸಾಬೂನು ನೀರಿನಲ್ಲಿ ಅದ್ದಿ ಮಾಡಿನಿಂದ ಆರಂಭಿಸಿ. ನಂತರ ಗಾಜು, ಬಾನೆಟ್, ಬಾಗಿಲಿನ ಮೇಲ್ಭಾಗ. ಬಾಗಿಲಿನ ಕೆಳಭಾಗ ಮತ್ತು ಬಂಪರ್ ಕೊನೆಗೆ, ಏಕೆಂದರೆ ಹೆಚ್ಚು ಕೊಳೆ ಕೆಳಗೇ ಇರುತ್ತದೆ. ಒಂದೊಂದು ಭಾಗ ಮುಗಿದಾಗಲೂ ಕೈಗವಸನ್ನು ಬರೀ ನೀರಿನ ಬಕೆಟ್ಟಿನಲ್ಲಿ ಜಾಲಿಸಿ, ಹಿಂಡಿ, ಆಮೇಲೆಯೇ ಸಾಬೂನಿಗೆ ಅದ್ದಿ. ಕೊಳೆ ಒಂದು ಬಕೆಟ್ಟಿನಲ್ಲೇ ಉಳಿಯುತ್ತದೆ, ಸಾಬೂನು ನೀರು ಶುದ್ಧವಾಗಿರುತ್ತದೆ. ಎರಡು ಬಕೆಟ್ಟಿನ ಗುಟ್ಟು ಇದೇ. ಜಾಲಿಸುವ ನೀರು ರಾಡಿಯಾದರೆ ಬದಲಿಸಿ. ಕೈ ನೇರವಾಗಿ ಹೋಗಲಿ, ಸುತ್ತುಸುತ್ತಾಗಿ ಬೇಡ. ಸಾಬೂನು ಒಣಗುವ ಮೊದಲೇ ಆ ಭಾಗಕ್ಕೆ ನೀರು ಹಾಕಿ.

ಇಲ್ಲಿ ನಮ್ಮ ಭಾಷೆಯೇ ಒಂದು ಪಾಠ ಹೇಳುತ್ತದೆ. ಇಂಗ್ಲಿಷಿನಲ್ಲೇ ಯೋಚಿಸುವ ನಿಮಗೆಂದು ಇದನ್ನು ಬಿಡಿಸಿ ಹೇಳುತ್ತೇನೆ. ಪಾತ್ರೆಯನ್ನು ನಾವು ತಿಕ್ಕುತ್ತೇವೆ. ಬಟ್ಟೆಯನ್ನು ಉಜ್ಜುತ್ತೇವೆ. ಮೇಜನ್ನು ಒರೆಸುತ್ತೇವೆ. ಮಿಂದ ಎಳೆಮಗುವಿನ ಮೈಯ ನೀರನ್ನು ಮಾತ್ರ ಟವೆಲಿನಿಂದ ಒತ್ತಿ ತೆಗೆಯುತ್ತೇವೆ. ನಾಲ್ಕು ಪದ, ನಾಲ್ಕು ಬಗೆಯ ಕೈಭಾರ. ಕಾರಿಗೆ ಮೊದಲಿನ ಎರಡು ಎಂದೂ ಬೇಡ. ತೊಳೆಯುವಾಗ ಹಗುರಾಗಿ ಒರೆಸಿ, ಒಣಗಿಸುವಾಗ ಒತ್ತಿ. ಟವೆಲನ್ನು ಹರಡಿ, ಮೆಲ್ಲಗೆ ಒತ್ತಿ, ಎತ್ತಿಬಿಡಿ. ತಾನಾಗಿ ಒಣಗಲು ಬಿಡಬೇಡಿ. ಬಾಗಿಲು, ಡಿಕ್ಕಿ ತೆರೆದು ಅಂಚಿನಲ್ಲಿ ನಿಂತ ನೀರನ್ನೂ ತೆಗೆಯಿರಿ.

ಬಟ್ಟೆ ನೆಲಕ್ಕೆ ಬಿದ್ದರೆ ಅಂದಿನ ಮಟ್ಟಿಗೆ ಅದು ಮುಗಿಯಿತು. "ಕೊಡವಿದರಾಯಿತು" ಎನ್ನಬೇಡಿ; ಅಂಟಿದ ಮರಳು ಕೊಡವಿದರೆ ಹೋಗದು. ಒಗೆಯುವಾಗ ಮನೆಯ ಬಟ್ಟೆಯ ಜೊತೆ ಹಾಕದೆ ಪ್ರತ್ಯೇಕವಾಗಿ ಒಗೆಯಿರಿ. ಬಟ್ಟೆ ಮೃದುವಾಗಲೆಂದು ಹಾಕುವ ದ್ರವ ಇದಕ್ಕೆ ಬೇಡ. ಅದು ಎಳೆಗಳ ಮೇಲೆ ಪದರ ಕಟ್ಟಿ ನೀರು ಹೀರದಂತೆ ಮಾಡುತ್ತದೆ.

ಹಕ್ಕಿಯ ಹಿಕ್ಕೆ ಬಿದ್ದರೆ ಮಾತ್ರ ವಾರ ಕಾಯಬೇಡಿ. ಅದರಲ್ಲಿರುವ ಆಮ್ಲ ಬಿಸಿಲಿಗೆ ಕ್ಲಿಯರ್ ಕೋಟನ್ನು ಕೊರೆಯುತ್ತದೆ. ಹಾಗೆಂದು ಉಗುರಿನಿಂದ ಕೆರೆಯಲೂ ಬೇಡಿ. ಒದ್ದೆ ಬಟ್ಟೆಯನ್ನು ಅದರ ಮೇಲೆ ಹತ್ತು ನಿಮಿಷ ಹಾಸಿಡಿ. ನೆನೆದು ತಾನೇ ಬಿಟ್ಟುಕೊಳ್ಳುತ್ತದೆ. ಮರದ ಅಂಟಿಗೂ ಇದೇ ತಾಳ್ಮೆ ಬೇಕು.

ಈಗಾಗಲೇ ಗೀರು ಬಿದ್ದಿದ್ದರೆ? ಉಗುರನ್ನು ಅಡ್ಡಲಾಗಿ ಮೆಲ್ಲಗೆ ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಗೀರು ಆಳವಾದದ್ದು. ಬಣ್ಣದ ಕೆಲಸದವರಿಗೆ ತೋರಿಸಬೇಕು. ಸಿಕ್ಕಿಕೊಳ್ಳದಿದ್ದರೆ ಪಾಲಿಶಿನಿಂದ ಹೋಗಬಹುದು. ಆದರೆ ಪಾಲಿಶ್ ಗೀರನ್ನು ತುಂಬುವುದಿಲ್ಲ, ಗೀರಿನ ಸುತ್ತಲಿನ ಪದರವನ್ನೇ ಸವೆಸಿ ಸಮಮಾಡುತ್ತದೆ. ಇರುವುದೇ 40–50 ಮೈಕ್ರಾನ್. ಪ್ರತಿ ವರ್ಷ ಸವೆಸುತ್ತ ಹೋದರೆ ಎಷ್ಟು ದಿನ ಬಂದೀತು? ಭಾವ "ಸಾಕು ಬಿಡು" ಎಂದದ್ದು ಈಗಿನ ಕಾರಿಗೂ ಸರಿಯೇ.

ನೀರಿನ ಲೆಕ್ಕವನ್ನೂ ಹೇಳಬೇಕು. ನಾವು ಅಂದು ಬಳಸಿದ್ದು ಆರು ಬಕೆಟ್, ಸುಮಾರು 60 ಲೀಟರ್. ಪೈಪಿನಲ್ಲಿ ನಿಮಿಷಕ್ಕೆ 12–15 ಲೀಟರ್ ಹರಿದರೂ ಇಪ್ಪತ್ತು ನಿಮಿಷಕ್ಕೆ 240ರಿಂದ 300 ಲೀಟರ್ ಆಗುತ್ತದೆ. ಮುಂಬಯಿಯ ನೀರು ಭಾತಸಾ, ತಾನ್ಸಾ, ವೈತರಣಾ ಮೊದಲಾದ ಏಳು ಜಲಾಶಯಗಳಿಂದ ಬರಬೇಕು. ಹೆಚ್ಚಿನದು ನೂರು ಕಿಲೋಮೀಟರಿನಷ್ಟು ದೂರದಿಂದ. ನಮ್ಮ ಬೆಂಗಳೂರಿನಲ್ಲಿ 2024ರ ಮಾರ್ಚ್‌ನಲ್ಲಿ ನೀರಿಗೆ ಹಾಹಾಕಾರವೆದ್ದಾಗ, ಕುಡಿಯುವ ನೀರಿನಿಂದ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆಜ್ಞೆ ಹೊರಡಿಸಿತ್ತು. ಆದ್ದರಿಂದ ದಿನಾ ತೊಳೆಯುವ ಚಟ ಬೇಡ. ಹತ್ತು-ಹದಿನೈದು ದಿನಕ್ಕೊಮ್ಮೆ ಸರಿಯಾಗಿ ತೊಳೆದರೆ ಸಾಕು. ನಡುವೆ ಧೂಳು ಕೂತರೆ ಕೂರಲಿ, ಗಾಜನ್ನಷ್ಟೇ ಶುಚಿಮಾಡಿಕೊಳ್ಳಿ.

ಆಯುಧಪೂಜೆಯ ದಿನಕ್ಕೆ ಎರಡು ಕಿವಿಮಾತು. ಅರಸಿನ-ಕುಂಕುಮವನ್ನು ಗಾಜಿನ ಮೂಲೆಗೆ ಹಚ್ಚಿ, ಅಲ್ಲಿಂದ ಸುಲಭವಾಗಿ ಹೋಗುತ್ತದೆ. ಬಣ್ಣಕ್ಕೆ ಹಚ್ಚಿದರೆ ಸಂಜೆಯೇ ನೀರು ಹಾಕಿ ತೆಗೆಯಿರಿ. ಮಾಲೆಯಲ್ಲಿ ತಂತಿಯಿದೆಯೋ ನೋಡಿಕೊಳ್ಳಿ, ಗಾಳಿಗೆ ಅಲ್ಲಾಡಿ ಗೀರುವುದು ಅದೇ. ಆರತಿ ತಟ್ಟೆಯನ್ನು ಬಾನೆಟ್ಟಿನ ಮೇಲೆ ಇಡಲೇಬೇಡಿ. ಚಕ್ರದ ಕೆಳಗಿನ ನಿಂಬೆಹಣ್ಣಿನಿಂದ ಏನೂ ತೊಂದರೆಯಿಲ್ಲ!

ಅಳಿಯನ ಕತೆ ಮುಗಿಸುತ್ತೇನೆ. ಕಮಿಟಿಗೆ ಅವನು ಪತ್ರ ಕೊಟ್ಟ, ಆದರೆ ಬೇರೆಯದು. ಬೆಳಿಗ್ಗೆ ಅರ್ಧ ಗಂಟೆ ಪಾರ್ಕಿಂಗಿನ ಒಂದು ನಲ್ಲಿಯನ್ನು ಬಿಡಬೇಕು, ಪೈಪ್ ಹಾಕದೆ ಬಕೆಟ್ಟಿನಲ್ಲೇ ನೀರು ಹಿಡಿಯುತ್ತೇವೆ ಎಂದು. ಎರಡು ಸಭೆಗಳ ವಾಗ್ವಾದದ ನಂತರ ಒಪ್ಪಿಗೆ ಸಿಕ್ಕಿತು. ಇನ್ನೊಂದು ಬಕೆಟ್ಟನ್ನೂ ಆರು ಬಟ್ಟೆಗಳನ್ನೂ ಅವನೇ ತಂದುಕೊಟ್ಟ. ತನ್ನ ಕಾರನ್ನು ದಿನಾ ಒರೆಸುವುದು ಬೇಡ, ವಾರಕ್ಕೊಮ್ಮೆ ತೊಳೆದರೆ ಸಾಕು, ತಿಂಗಳ ಹಣ ಮಾತ್ರ ಅಷ್ಟೇ ಇರಲಿ ಎಂದೂ ಹೇಳಿದ್ದಾನೆ. ಅದನ್ನು ಕಂಡು ಇನ್ನೂ ಮೂವರು ಹಾಗೆಯೇ ಮಾಡಿದ್ದಾರಂತೆ. ಹದಿನೆಂಟೂ ಕಾರಿನವರು ಒಪ್ಪಲು ಇನ್ನೂ ಸಮಯ ಬೇಕು.

ಮೊನ್ನೆ ಫೋನಿನಲ್ಲಿ ಅಳಿಯ ಹೇಳಿದ: "ಮಾವ, ಬಾನೆಟ್ಟಿನ ಗೀರು ಹಾಗೇ ಇದೆ. ಪಾಲಿಶ್ ಮಾಡಿಸುವುದಿಲ್ಲ. ಅಣ್ಣ ಊರಿಗೆ ಹೋಗಿದ್ದಾರೆ, ಈ ಆದಿತ್ಯವಾರ ನಾನೇ ತೊಳೆಯುತ್ತೇನೆ." ಯಾವ ಅಣ್ಣ ಎಂದು ನನಗೆ ಕ್ಷಣಕಾಲ ಹೊಳೆಯಲಿಲ್ಲ. ಯಾದಗಿರಿಯವನನ್ನು ಅವನು ಈಗ ಕರೆಯುವುದು ಹಾಗೆ.

ಮುಂದಿನ ಸಂಚಿಕೆಯಲ್ಲಿ ಭೇಟಿಯಾಗೋಣ. ಅಲ್ಲಿಯವರೆಗೆ ನಿಮ್ಮ ಬಕೆಟ್ಟಿನ ತಳವನ್ನು ಒಮ್ಮೆ ಮುಟ್ಟಿ ನೋಡಿ.